ಕಿರಿಯರನ್ನು ದೂರುವ ಮುನ್ನ

ಶ್ರೀ ಗುರುಭ್ಯೋ ನಮಃ



ಶ್ರೀಹರಿವಾಯುಗುರುಗಳ ಅನುಗ್ರಹದಿಂದ ಶ್ರಾವಣ ಮಾಸವು ಸಮೀಪಿಸುತ್ತಲಿದೆ. ಬಹುಳ ಪಾಡ್ಯ, ಬಿದಿಗೆ, ತದಿಗೆಗಳಲ್ಲಿ ಶ್ರೀ ರಾಘವೇಂದ್ರಸ್ವಾಮಿಗಳವರ ಆರಾಧನೆಯು ನಡೆಯತಕ್ಕದ್ದು. ಅದರ ಬೆನ್ನಲ್ಲೇ ಶ್ರೀಕೃಷ್ಣ ಜಯಂತಿಯು ಬರುವುದು. ಬೆಂಗಳೂರು, ಮೈಸೂರು ಮುಂತಾದ ದೂರದ ಊರುಗಳಲ್ಲಿರುವ ನಮ್ಮ ಮನೆಗಳ ಮಕ್ಕಳು ಈ ದಿನಗಳಲ್ಲಿ ಒಂದೆರಡು ದಿನದ ರಜೆಯ ಮೇಲೆ ಊರಿಗೆ ಬರುತ್ತಾರೆ. ತೀರ್ಥಪ್ರಸಾದವಾದ ಬಳಿಕ ಜಗಲಿಯ ಮೇಲೆ ಹಿರಿಯರು ಒಂದು ಕಡೆ, ಕಿರಿಯರು ಒಂದು ಕಡೆ ಕುಳಿತುಕೊಳ್ಳುವುದನ್ನೂ, ಹಿರಿಯರ ಕಡೆಯಿಂದ “ಈಗಿನ ಹುಡುಗರು ಕೆಟ್ಟುಹೋದರು” ಎಂಬ ಮಾತು ಏಳುವುದನ್ನೂ, ಕಿರಿಯರು ಆ ಮಾತನ್ನು ಕೇಳಿಯೂ ಕೇಳದವರಂತೆ ತಲೆ ತಗ್ಗಿಸಿಕೊಂಡಿರುವುದನ್ನೂ ನಾವೆಲ್ಲರೂ ಕಂಡಿದ್ದೇವೆ. ಈ ದೂರು ನ್ಯಾಯವಾದುದೇ ಅಲ್ಲವೇ ಎಂಬುದನ್ನು ಈ ಸಲ ವಿಚಾರ ಮಾಡೋಣವೆಂದು ಬಯಸುತ್ತೇವೆ.

ಈ ವಿಚಾರಕ್ಕೆ ನಾವು ನಿಂತಿರುವ ಜಾಗವೂ ಸ್ವಲ್ಪ ಅನುಕೂಲವಾದುದೇ. ನಾವು ಅರ್ಚಕರ ಮಗನಾಗಿ ಹುಟ್ಟಿ, ಪಾಠಶಾಲೆಯಲ್ಲಿ ಓದಿ, ಆಮೇಲೆ ಬಿ.ಎ. ಪದವಿಯನ್ನೂ ಪಡೆದವರು. ವಯಸ್ಸು ಮೂವತ್ತನ್ನು ದಾಟಿದೆ. ಹಿರಿಯರು ನಮ್ಮನ್ನು ಹುಡುಗರೆಂದೇ ಎಣಿಸುತ್ತಾರೆ. ಹದಿನೆಂಟರ ಹುಡುಗರು ನಮ್ಮನ್ನು ಹಿರಿಯರ ಸಾಲಿಗೆ ಸೇರಿಸಿಬಿಟ್ಟಿದ್ದಾರೆ. “ಅರ್ಚಕರ ಮಗನಿಗೆ ಬಿ.ಎ. ಏತಕ್ಕೆ?” ಎಂಬ ಮಾತನ್ನೂ ಕೇಳಿದ್ದೇವೆ, “ಬಿ.ಎ. ಓದಿ ಗಂಟೆ ಬಾರಿಸುವುದೇ?” ಎಂಬ ಮಾತನ್ನೂ ಕೇಳಿದ್ದೇವೆ. ಆದುದರಿಂದ ಎರಡು ಕಡೆಯ ಮಾತನ್ನೂ ತೂಗಿ ನೋಡುವುದು ನಮಗೆ ಅಷ್ಟೇನೂ ಕಷ್ಟವಲ್ಲ.

ಯಾವುದೇ ವಿಷಯವನ್ನು ನಿರ್ಣಯಿಸಬೇಕಾದರೂ ಮೊದಲು ಪೂರ್ವಪಕ್ಷವನ್ನು ಪೂರ್ತಿಯಾಗಿ ಹೇಳಬೇಕು. ಎದುರಾಳಿಯ ಮಾತನ್ನು ಅರ್ಧ ಹೇಳಿ ಖಂಡಿಸುವುದು ನಮ್ಮ ಶಾಸ್ತ್ರದ ಕ್ರಮವಲ್ಲ. ಹಿರಿಯರ ದೂರು ಇಂತಿದೆ. ಉಪನಯನದಲ್ಲಿ ಉಪದೇಶ ಪಡೆದ ಸಂಧ್ಯಾವಂದನೆಯನ್ನು ಹುಡುಗರು ಆ ವರ್ಷವೇ ಬಿಡುತ್ತಾರೆ. ಏಕಾದಶಿ ಎಂದೆಂಬುದು ಅವರಿಗೆ ತಿಳಿಯದು. ಗೋಪೀಚಂದನ ಹಚ್ಚಿಕೊಂಡು ಬೀದಿಗಿಳಿಯಲು ನಾಚುತ್ತಾರೆ. ಪ್ರವಚನದಲ್ಲಿ ಕುಳಿತಾಗಲೂ ಕಣ್ಣು ಫೋನಿನ ಮೇಲಿರುತ್ತದೆ. ತಂದೆಯ ಶ್ರಾದ್ಧಕ್ಕೂ ರಜೆ ಸಿಕ್ಕರೆ ಬರುತ್ತಾರೆ, ಇಲ್ಲದಿದ್ದರೆ ಹಣ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ದೇವರನಾಮದ ಪುಸ್ತಕ ಕೊಟ್ಟರೆ ಕನ್ನಡ ಅಕ್ಷರವನ್ನು ಕೂಡಿಸಿ ಓದಲಾರರು. ವೃದ್ಧ ತಂದೆತಾಯಿಗಳು ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿದ್ದಾರೆ. ಇಷ್ಟೂ ಹಿರಿಯರ ವಾದ. ಇದರಲ್ಲಿ ನಿಜವಾದ ಅಂಶ ಬಹಳವಿದೆ. ಇಂತಹ ಮನೆಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಆದರೆ ಕಂಡದ್ದು ನಿಜವಾದ ಮಾತ್ರಕ್ಕೆ ಅದರಿಂದ ಮಾಡಿದ ತೀರ್ಮಾನವೂ ನಿಜವೆನ್ನಲಾಗದು. ಕಂಡದ್ದೇನು, ಅದಕ್ಕೆ ಕಾರಣವೇನು, ದೋಷ ಯಾರದು ಎಂಬ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಈ ಕ್ರಮಕ್ಕೆ ಆರಾಧನೆಯ ಸಂದರ್ಭದಲ್ಲಿ ಸ್ಮರಿಸತಕ್ಕ ಒಂದು ಐತಿಹ್ಯವಿದೆ.

ಶ್ರೀ ರಾಯರು ಪೂರ್ವಾಶ್ರಮದಲ್ಲಿ ವೆಂಕಟನಾಥರಾಗಿ ಕುಂಭಕೋಣದಲ್ಲಿ ಶ್ರೀ ಸುಧೀಂದ್ರತೀರ್ಥರ ಬಳಿ ವ್ಯಾಸಂಗ ಮಾಡುತ್ತಿದ್ದರು. ಸಹಪಾಠಿಗಳು ಗುರುಗಳ ಬಳಿಗೆ ಹೋಗಿ, ಈತನು ಪಾಠಚಿಂತನೆಯನ್ನು ಮಾಡದೆ ನಿದ್ರಿಸುತ್ತಾನೆಂದು ದೂರು ಹೇಳಿದರು. ಹೇಳಿದ ಮಾತಿನಲ್ಲಿ ಸುಳ್ಳಿರಲಿಲ್ಲ, ವೆಂಕಟನಾಥರು ನಿದ್ರಿಸುತ್ತಿದ್ದುದು ನಿಜವೇ. ಗುರುಗಳು ಆ ಮಾತನ್ನು ನಂಬಿ ಶಿಷ್ಯನನ್ನು ಗದರಿಸಲಿಲ್ಲ. ದೂರು ಸುಳ್ಳೆಂದು ಹೇಳಿದವರನ್ನು ತಳ್ಳಿಬಿಡಲೂ ಇಲ್ಲ. ರಾತ್ರಿಯಲ್ಲಿ ತಾವೇ ಎದ್ದು ನೋಡಲು ಹೋದರು. ಅಲ್ಲಿ ತರಗೆಲೆಗಳನ್ನು ಉರಿಸಿ ಮಾಡಿಕೊಂಡ ಬೆಳಕು ಆರಿ ಕೆಂಡವಾಗಿತ್ತು. ಚಳಿಯಲ್ಲಿ ಹೊದಿಕೆಯಿಲ್ಲದೆ ಶಿಷ್ಯನು ಮಲಗಿದ್ದನು. ಪಕ್ಕದಲ್ಲಿ ಓಲೆಗರಿಗಳು ಬಿದ್ದಿದ್ದವು. ಅವನ್ನೆತ್ತಿಕೊಂಡು ಓದಿದಾಗ, ಶ್ರೀಮನ್ನ್ಯಾಯಸುಧಾ ಗ್ರಂಥದ ಕಠಿಣವಾದ ಪಂಕ್ತಿಗಳಿಗೆ ಬರೆದ ವ್ಯಾಖ್ಯಾನವು ಅದರಲ್ಲಿದ್ದಿತು. ಗುರುಗಳು ತಮ್ಮ ಶಾಲನ್ನು ತೆಗೆದು ಶಿಷ್ಯನಿಗೆ ಹೊದಿಸಿ ಬಂದರು. ಆ ವ್ಯಾಖ್ಯಾನವೇ ಪರಿಮಳವೆಂದು ಪ್ರಸಿದ್ಧವಾಯಿತು. ರಾಯರು ಪರಿಮಳಾಚಾರ್ಯರೆನಿಸಿದರು. 1621ರಲ್ಲಿ ಅದೇ ಗುರುಗಳಿಂದ ಸಂನ್ಯಾಸವನ್ನು ಸ್ವೀಕರಿಸಿ ಪೀಠವನ್ನೇರಿ, 1671ರಲ್ಲಿ ಮಂಚಾಲೆಯಲ್ಲಿ ಬೃಂದಾವನಸ್ಥರಾದರು.

ಇಲ್ಲಿ ನಾವು ಗಮನಿಸಬೇಕಾದುದು ಶಿಷ್ಯರ ಪಾಂಡಿತ್ಯವೊಂದನ್ನೇ ಅಲ್ಲ, ಗುರುಗಳು ನಡೆದುಕೊಂಡ ರೀತಿಯನ್ನೂ. ದೂರಿದವರು ಹಗಲಿನ ನಿದ್ರೆಯನ್ನು ಮಾತ್ರ ಕಂಡಿದ್ದರು. ಗುರುಗಳು ರಾತ್ರಿಯ ಕೆಲಸವನ್ನು ಕಂಡರು. ನಮ್ಮ ಮನೆಗಳ ಹಿರಿಯರಲ್ಲಿ ಎಷ್ಟು ಜನ ಹೀಗೆ ಎದ್ದು ಹೋಗಿ ನೋಡಿದ್ದಾರೆ?

ನೋಡಲು ಹೊರಟರೆ ಕಾಣುವುದೇನು? 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಶ್ರೀ ಎನ್. ಆರ್. ನಾರಾಯಣಮೂರ್ತಿಯವರು, ದೇಶವು ಮುಂದುವರಿಯಬೇಕಾದರೆ ಯುವಕರು ವಾರಕ್ಕೆ 70 ಗಂಟೆ ದುಡಿಯಲು ಸಿದ್ಧರಿರಬೇಕೆಂದು ಹೇಳಿದರು. ದೇಶದಲ್ಲೆಲ್ಲ ಅದರ ಮೇಲೆ ದೊಡ್ಡ ಚರ್ಚೆ ನಡೆಯಿತು. ಅವರು 1981ರಲ್ಲಿ ಆರು ಜನ ಜೊತೆಗಾರರೊಡನೆ ಅಲ್ಪ ಬಂಡವಾಳದಿಂದ ಸಂಸ್ಥೆಯನ್ನು ಕಟ್ಟಿ ಸ್ವತಃ ದುಡಿದು ತೋರಿಸಿದವರು, ಆದುದರಿಂದ ಅವರ ಮಾತಿಗೆ ಒಂದು ತೂಕವುಂಟು. ಆದರೂ ತಾನು ಕಟ್ಟಿದ ಮನೆಗೆ ಇಟ್ಟಿಗೆ ಹೊರುವುದು ಬೇರೆ, ಸಂಬಳಕ್ಕಾಗಿ ಇನ್ನೊಬ್ಬರ ಮನೆಗೆ ಹೊರುವುದು ಬೇರೆ. 2024ರ ಜುಲೈಯಲ್ಲಿ ನಮ್ಮ ರಾಜ್ಯದ ಸಾಫ್ಟ್‌ವೇರ್ ಕಂಪನಿಗಳಲ್ಲಿ ದಿನಕ್ಕೆ 14 ಗಂಟೆಯವರೆಗೆ ಕೆಲಸ ಮಾಡಿಸಲು ಅವಕಾಶ ಕೊಡಬೇಕೆಂಬ ಪ್ರಸ್ತಾಪವೂ ಬಂದು, ನೌಕರರ ಸಂಘದವರು ಅದನ್ನು ವಿರೋಧಿಸಿದರು.

ಲೆಕ್ಕ ಹಾಕಿ ನೋಡೋಣ. ವಾರಕ್ಕೆ 70 ಗಂಟೆಯನ್ನು ಆರು ದಿನಕ್ಕೆ ಹಂಚಿದರೆ ದಿನಕ್ಕೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಬೆಂಗಳೂರಿನ ರಸ್ತೆಯಲ್ಲಿ ಹೋಗಿಬರುವ ಹೊತ್ತು ಅದಕ್ಕೆ ಸೇರಬೇಕು. ಸ್ನಾನ, ಅಡಿಗೆ, ನಿದ್ರೆಗಳನ್ನು ಕಳೆದರೆ ಉಳಿಯುವುದೆಷ್ಟು? ಮನೆಯ ಹಿರಿಯರು ಸಂಧ್ಯಾವಂದನೆಗೆ ಹೊತ್ತಿಲ್ಲವೇ ಎನ್ನುತ್ತಾರೆ. ಉದ್ಯಮದ ಹಿರಿಯರು ಇನ್ನೂ ದುಡಿಯಲು ಹೊತ್ತಿಲ್ಲವೇ ಎನ್ನುತ್ತಾರೆ. ಒಬ್ಬನೇ ಹುಡುಗನ ಒಂದೇ ದಿನದ ಮೇಲೆ ಇಬ್ಬರು ಹಿರಿಯರ ಎರಡು ದೂರು. ಆ ಹುಡುಗನು ತಿಂಗಳು ತಿಂಗಳೂ ಮನೆಗೆ ಕಳಿಸುವ ಹಣದಲ್ಲಿ ತಂದೆಯ ಔಷಧ ಬರುತ್ತದೆ, ತಂಗಿಯ ಓದು ನಡೆಯುತ್ತದೆ, ಆರಾಧನೆಯ ಅಲಂಕಾರಬ್ರಾಹ್ಮಣಭೋಜನಕ್ಕೂ ಪಾಲು ಸಲ್ಲುತ್ತದೆ. ನಾವು ನೋಡಲು ಹೋಗದ ಕೆಂಡದ ಬೆಳಕು ಇದು.

ಫೋನಿನ ಮಾತನ್ನೂ ಹೇಳಬೇಕು. ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಕೊಪ್ಪವು ಕಾವೇರಿಯ ದಡದಲ್ಲಿ ಮೈಸೂರು ಜಿಲ್ಲೆಯು ಮುಗಿಯುವ ಊರು. ಸೇತುವೆಯನ್ನು ದಾಟಿದರೆ ಕುಶಾಲನಗರ, ಅಲ್ಲಿಂದ ಕೊಡಗು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗಲೂ, 2019ರ ಆಗಸ್ಟಿನಲ್ಲಿ ಕಾವೇರಿಯು ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದಾಗಲೂ, ಅಕ್ಕಿ, ಹೊದಿಕೆ, ಔಷಧಗಳನ್ನು ಕಲೆಹಾಕಿ ತಂದವರಲ್ಲಿ ಹೆಚ್ಚಿನವರು ಯುವಕರೇ. ಎಲ್ಲಿ ಏನು ಬೇಕು, ಯಾವ ದಾರಿ ಮುಚ್ಚಿದೆ ಎಂಬುದನ್ನು ಅವರು ಪರಸ್ಪರ ತಿಳಿಸಿಕೊಂಡದ್ದು ನಾವು ದೂರುವ ಆ ಫೋನಿನಿಂದಲೇ. ಬಳಸುವವನ ಬುದ್ಧಿಯಂತೆ ಉಪಕರಣ. ಪ್ರವಚನದ ನಡುವೆ ಅದನ್ನು ತೆಗೆಯುವುದು ತಪ್ಪು. ಆದರೆ ಅದನ್ನು ಹಿಡಿದ ಕೈಯೆಲ್ಲವೂ ಸೋಮಾರಿಯ ಕೈಯೆಂದರೆ ಅದೂ ತಪ್ಪು.

ಇನ್ನು ಎರಡನೆಯ ಪ್ರಶ್ನೆ. ಹುಡುಗರು ಊರು ಬಿಟ್ಟರು ಎನ್ನುತ್ತೇವೆ, ಬಿಡಿಸಿದವರು ಯಾರು? ದೇವಸ್ಥಾನಗಳ, ಅಗ್ರಹಾರಗಳ ಜೀವನವು ಹಿಂದೆ ಇನಾಂ ಭೂಮಿಗಳ ಮೇಲೆ ನಿಂತಿತ್ತು. 1954 ಮತ್ತು 1955ರ ಮೈಸೂರು ಇನಾಂ ರದ್ದತಿ ಕಾಯಿದೆಗಳು ಆ ವ್ಯವಸ್ಥೆಯನ್ನು ಮುಗಿಸಿದವು. ಆಮೇಲೆ ನಮ್ಮ ನೆರೆಯ ಹುಣಸೂರಿನವರೇ ಆದ ಶ್ರೀ ಡಿ. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿಯು ಜಾರಿಗೆ ಬಂದು, ಉಳುವವನೇ ಭೂಮಿಯ ಒಡೆಯನಾದನು. ಬೆವರು ಸುರಿಸಿದವನಿಗೆ ಭೂಮಿ ದೊರೆತುದನ್ನು ನಾವು ಅನ್ಯಾಯವೆನ್ನುವುದಿಲ್ಲ. ಆದರೆ ಗೇಣಿಯ ಭತ್ತದಿಂದ ನಡೆಯುತ್ತಿದ್ದ ಮನೆಗಳು ಬೇರೆ ದಾರಿಯನ್ನು ಹುಡುಕಲೇಬೇಕಾಯಿತು. ಆಗ ಮನೆಯ ಯಜಮಾನರು ಮಕ್ಕಳಿಗೆ ಏನು ಹೇಳಿದರು? “ಓದಿ ಮುಂದೆ ಬಾ, ಪಟ್ಟಣಕ್ಕೆ ಹೋಗಿ ಕೆಲಸ ಹಿಡಿ, ಪಂಚಪಾತ್ರೆ ಹಿಡಿದು ಬದುಕಲಾಗದು” ಎಂದೇ ಹೇಳಿದರು. ಪರೀಕ್ಷೆಯ ಹೊತ್ತಿಗೆ, “ಸಂಧ್ಯಾವಂದನೆ ಇರಲಿ, ಮೊದಲು ಲೆಕ್ಕ ಮಾಡು” ಎಂದವರೂ ಅವರೇ. ಮಗನು ತಂದೆಯ ಮಾತನ್ನು ಅಕ್ಷರಶಃ ಪಾಲಿಸಿದನು. ಪಾಲಿಸಿದ ಮಗನನ್ನು ಇಂದು ಅದೇ ತಂದೆಯು, ಇಲ್ಲವೇ ಅವನ ನಂತರದ ತಲೆಯು, ಮಾತು ಮೀರಿದವನೆಂದು ದೂರುವುದು ಹೇಗೆ ನ್ಯಾಯ?

ಇದು ನಮ್ಮ ಒಂದು ಸಮಾಜದ ಕಥೆಯಷ್ಟೇ ಅಲ್ಲ. ನಮ್ಮ ಊರಿನ ಪಕ್ಕದಲ್ಲೇ ಬೈಲಕುಪ್ಪೆ ಇದೆ. 1960ರ ಸುಮಾರಿಗೆ ತಾಯ್ನಾಡನ್ನು ಕಳೆದುಕೊಂಡ ಟಿಬೆಟಿನವರು ಇಲ್ಲಿಗೆ ಬಂದು, ಕಾಡು ಕಡಿದು, ಜೋಳ ಬಿತ್ತಿ ನೆಲೆನಿಂತರು. 1963ರಲ್ಲಿ ನಮ್‌ಡ್ರೋಲಿಂಗ್ ಮಠವನ್ನು ಸ್ಥಾಪಿಸಿದರು. ಎಲ್ಲವನ್ನೂ ಕಳೆದುಕೊಂಡವರು ಮೊದಲು ಕಟ್ಟಿದವುಗಳಲ್ಲಿ ಪಾಠ ಹೇಳುವ ಮಠಗಳು ಸೇರಿದ್ದವೆಂಬುದು ವಿಚಾರಾರ್ಹ. ಅವರ ಮಕ್ಕಳು ಕೂಡ ಈಗ ಹೊರದೇಶಗಳಿಗೆ ಹೋಗುತ್ತಿದ್ದಾರೆ, ಅಲ್ಲಿಯ ಹಿರಿಯರಿಗೂ ಆ ಚಿಂತೆ ಇದೆ. ಮತ ಬೇರೆ, ಭಾಷೆ ಬೇರೆ, ಚಿಂತೆ ಒಂದೇ. ಹಾಗಿರುವಾಗ ಇದನ್ನು ನಮ್ಮ ಮಕ್ಕಳ ಸ್ವಭಾವದೋಷವೆನ್ನುವುದಕ್ಕಿಂತ ಕಾಲದ ಒತ್ತಡವೆನ್ನುವುದೇ ಸರಿಯಾದ ನಿದಾನ. ರೋಗದ ನಿದಾನ ತಪ್ಪಿದರೆ ಔಷಧವೂ ತಪ್ಪುತ್ತದೆ.

ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ವೇದ ಓದುವ ಹುಡುಗರಿಲ್ಲ, ನಾಳೆ ದೇವರ ಪೂಜೆಗೆ ಯಾರು ಗತಿ ಎಂದು ಹಿರಿಯರು ಕಳವಳ ಪಡುತ್ತಾರೆ. ಆದರೆ ಪಾಠಶಾಲೆಯಲ್ಲಿ ಹತ್ತು ಹನ್ನೆರಡು ವರ್ಷ ಓದಿ, ಹಿರಿಯರು ಬಯಸಿದಂತೆಯೇ ಶಿಖೆ ಬಿಟ್ಟು, ಮೂರು ಹೊತ್ತು ಅನುಷ್ಠಾನ ಮಾಡಿಕೊಂಡಿರುವ ವೈದಿಕ ವರನ ಜಾತಕವು ಮನೆಗೆ ಬಂದರೆ ಅದೇ ಹಿರಿಯರು ಅದನ್ನು ಬದಿಗಿಡುತ್ತಾರೆ. ವರನು ಕಂಪನಿಯಲ್ಲಿರಬೇಕು, ಸಾಧ್ಯವಾದರೆ ಹೊರದೇಶದಲ್ಲಿರಬೇಕು. ಈ ಸ್ಥಿತಿಯು ಎಲ್ಲಿಗೆ ಮುಟ್ಟಿತೆಂದರೆ, 2021ರ ಜನವರಿಯಲ್ಲಿ ಕರ್ನಾಟಕ ರಾಜ್ಯ ಬ್ರಾಹ್ಮಣ ಅಭಿವೃದ್ಧಿ ಮಂಡಳಿಯು, ಬಡ ಅರ್ಚಕರನ್ನು, ಪುರೋಹಿತರನ್ನು ವರಿಸುವ ಕನ್ಯೆಗೆ 3 ಲಕ್ಷ ರೂಪಾಯಿಗಳ ಬಾಂಡನ್ನು ಕೊಡುವ ‘ಮೈತ್ರೇಯಿ’ ಎಂಬ ಯೋಜನೆಯನ್ನು ಪ್ರಕಟಿಸಬೇಕಾಯಿತು. ಯಾಜ್ಞವಲ್ಕ್ಯರ ಮೈತ್ರೇಯಿಯು ಐಶ್ವರ್ಯವನ್ನು ಬೇಡವೆಂದು ಬ್ರಹ್ಮವಿದ್ಯೆಯನ್ನು ಕೇಳಿದವಳು. ಆಕೆಯ ಹೆಸರಿನಲ್ಲಿ ಹಣ ಕೊಟ್ಟು ವೈದಿಕರಿಗೆ ಕನ್ಯೆಯನ್ನು ಹುಡುಕುವ ಕಾಲ ಬಂದಿದೆ. ಮಂಡಳಿಯವರನ್ನು ನಾವು ಆಕ್ಷೇಪಿಸುವುದಿಲ್ಲ, ಅವರು ಹುಣ್ಣನ್ನು ಕಂಡು ಮುಲಾಮು ಹಚ್ಚಿದರು. ನಮ್ಮ ಪ್ರಶ್ನೆ ಹಿರಿಯರಿಗೆ. ಹುಡುಗನು ಹೋದರೂ ದೂರು, ಉಳಿದರೆ ಉಪೇಕ್ಷೆ ಎಂದಾದರೆ ಅವನು ಯಾವ ದಾರಿಯನ್ನು ಹಿಡಿಯಬೇಕು? ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಇನ್ನು ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಹಳ್ಳಿಗಳ ಗರ್ಭಗುಡಿಯಲ್ಲಿ ದೀಪ ಹಚ್ಚುವ ಕೈ ಇರಲಾರದು. ನಮ್ಮ ಭಯ ಅದು.

ಮಕ್ಕಳ ಕಣ್ಣಿಗೆ ಇದೆಲ್ಲ ಕಾಣುವುದಿಲ್ಲವೆಂದು ತಿಳಿಯಬಾರದು. ಕಠೋಪನಿಷತ್ತಿನಲ್ಲಿ ವಾಜಶ್ರವಸನು ಸರ್ವಸ್ವದಾನದ ಯಾಗವನ್ನು ಮಾಡಿದನು. ಆದರೆ ಅವನು ಕೊಟ್ಟ ಗೋವುಗಳು ಹಾಲು ಬತ್ತಿದ, ಮತ್ತೆ ಕರು ಹಾಕಲಾರದ ಮುದಿ ಗೋವುಗಳು. ಅದನ್ನು ಕಂಡವನು ಬಾಲಕನಾದ ನಚಿಕೇತ. ತಂದೆಯ ದಾನವು ಬರಿದಾಗುವುದೆಂಬ ವ್ಯಥೆಯಿಂದ, ನನ್ನನ್ನು ಯಾರಿಗೆ ಕೊಡುತ್ತೀಯೆಂದು ಮೂರು ಸಲ ಕೇಳಿದನು. ತಂದೆಯು ಸಿಟ್ಟಿನಿಂದ ಮೃತ್ಯುವಿಗೆ ಕೊಟ್ಟೆನೆಂದನು. ಮುಂದೆ ಯಮನು ಮೂರು ವರಗಳನ್ನು ಕೊಡುವೆನೆಂದಾಗ ಆ ಬಾಲಕನು ಬೇಡಿದ ಮೊದಲನೆಯ ವರ ಯಾವುದು? ತಂದೆಯ ಮನಸ್ಸು ಶಾಂತವಾಗಲಿ, ನನ್ನ ಮೇಲಿನ ಕೋಪ ಇಳಿಯಲಿ ಎಂಬುದು. ಬ್ರಹ್ಮವಿದ್ಯೆಯನ್ನು ಕೇಳಿದ್ದು ಆಮೇಲೆ. ಪ್ರಶ್ನೆ ಕೇಳುವ ಮಗನು ಪ್ರೀತಿಯಿಲ್ಲದವನೆಂದು ಬಗೆಯುವವರು ಈ ಮೊದಲನೆಯ ವರವನ್ನು ನೆನೆಯಬೇಕು.

ಕೇಳಿಸಿಕೊಂಡ ಹಿರಿಯರೂ ನಮ್ಮ ಪರಂಪರೆಯಲ್ಲಿದ್ದಾರೆ. ಶ್ರೀಮದಾಚಾರ್ಯರ ಬಾಲ್ಯವನ್ನು ಸುಮಧ್ವವಿಜಯದಲ್ಲಿ ಓದಿದವರಿಗೆ ತಿಳಿದಿರುವಂತೆ, ತಂದೆಯವರು ಪುರಾಣ ಹೇಳುತ್ತ ಮರಗಳ ಹೆಸರುಗಳಿಗೆ ಅರ್ಥ ಹೇಳುವಾಗ ‘ಲಿಕುಚ’ ಎಂಬ ಒಂದು ಶಬ್ದವನ್ನು ಬಿಟ್ಟು ಮುಂದೆ ಹೋದರು. ಸಭೆಯಲ್ಲಿ ಕುಳಿತಿದ್ದ ಬಾಲಕ ವಾಸುದೇವನು ಅದನ್ನು ಬಿಟ್ಟದ್ದೇಕೆಂದು ಕೇಳಿದನು. ಎಲ್ಲರ ಮುಂದೆ ಮಗನು ತಪ್ಪು ಎತ್ತಿದನೆಂದು ತಂದೆಯು ಮುನಿಯಲಿಲ್ಲ. ಮುಂದೆ ಗುರುಗಳಾದ ಅಚ್ಯುತಪ್ರೇಕ್ಷರು ಇಷ್ಟಸಿದ್ಧಿಯ ಪಾಠವನ್ನು ಆರಂಭಿಸಿದಾಗ ಮೊದಲ ಪದ್ಯದಲ್ಲೇ 32 ದೋಷಗಳನ್ನು ಎಳೆಯ ಶಿಷ್ಯರು ತೋರಿಸಿದರು. ಆ ಗುರುಗಳೇ ಕಡೆಗೆ ಶಿಷ್ಯರ ಸಿದ್ಧಾಂತವನ್ನು ಒಪ್ಪಿದರು. ಮಧ್ಯಗೇಹಭಟ್ಟರೂ ಅಚ್ಯುತಪ್ರೇಕ್ಷರೂ ಹುಡುಗರ ಬಾಯಿ ಮುಚ್ಚಿಸುವ ಹಿರಿಯರಾಗಿದ್ದರೆ ನಮ್ಮ ಗತಿ ಏನಾಗುತ್ತಿತ್ತು?

ಶ್ರೀಕೃಷ್ಣನ ಲೀಲೆಯಲ್ಲಿಯೂ ಇದೇ ಇದೆ. ಇಂದ್ರಯಾಗಕ್ಕೆ ನಂದಗೋಪನು ಸಿದ್ಧತೆ ಮಾಡುತ್ತಿದ್ದಾಗ ಬಾಲಕೃಷ್ಣನು, ಇದು ಏತಕ್ಕೆ, ಯಾರಿಗೆ, ಇದರ ಫಲವೇನೆಂದು ಕೇಳಿದನು. ನಂದನು ವಿವರಿಸಿದನು, ಕೃಷ್ಣನು ತನ್ನ ಯುಕ್ತಿಯನ್ನು ಹೇಳಿದನು, ಹಿರಿಯ ಗೋಪರು ಒಪ್ಪಿ ಗೋವರ್ಧನವನ್ನು ಪೂಜಿಸಿದರು. ಮಳೆ ಸುರಿದಾಗ ಬೆಟ್ಟವನ್ನೆತ್ತಿ ಕಾಪಾಡಿದವನು ಆ ಏಳು ವರ್ಷದ ಬಾಲಕನೇ. ಉಡುಪಿಯ ಮಠಗಳು ಎಳೆಯರ ಕೈಗೆ ಪೀಠವನ್ನು ಒಪ್ಪಿಸುವ ಪದ್ಧತಿಯೂ ಇಂತಹ ನಂಬಿಕೆಯ ಮೇಲೆಯೇ ನಿಂತಿದೆ. ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥರು 1938ರಲ್ಲಿ ಏಳನೆಯ ವಯಸ್ಸಿನಲ್ಲಿ ಸಂನ್ಯಾಸಿಗಳಾದರು. 1953ರಲ್ಲಿ ಅಖಿಲ ಭಾರತ ಮಾಧ್ವ ಮಹಾಮಂಡಲವನ್ನು ಸ್ಥಾಪಿಸಿದಾಗ ಅವರಿಗೆ ಇಪ್ಪತ್ತೆರಡು ವರ್ಷ, 1956ರಲ್ಲಿ ಬೆಂಗಳೂರಿನ ಪೂರ್ಣಪ್ರಜ್ಞ ವಿದ್ಯಾಪೀಠವನ್ನು ಸ್ಥಾಪಿಸಿದಾಗ ಇಪ್ಪತ್ತೈದು. ಇಂದಿನ ಎಷ್ಟೋ ಮನೆಗಳಲ್ಲಿ ಇಪ್ಪತ್ತೈದರ ಮಗನ ಕೈಗೆ ಆರಾಧನೆಯ ಲೆಕ್ಕದ ಪುಸ್ತಕವನ್ನೂ ಕೊಡುವುದಿಲ್ಲ. ಆಮೇಲೆ ಜವಾಬ್ದಾರಿಯಿಲ್ಲವೆಂದು ದೂರುತ್ತೇವೆ.

ಇಷ್ಟು ಹೇಳಿದ ಮೇಲೆ ಕಿರಿಯರು ತಮಗೆ ಜಯಪತ್ರ ದೊರೆಯಿತೆಂದು ತಿಳಿಯಬಾರದು. ಅವರಿಗೆ ಹೇಳತಕ್ಕ ಮಾತೂ ಉಂಟು. ಛಾಂದೋಗ್ಯದಲ್ಲಿ ಶ್ವೇತಕೇತುವು ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋಗಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಎಲ್ಲ ವೇದಗಳನ್ನೂ ಓದಿ, ಎಲ್ಲವನ್ನೂ ಬಲ್ಲೆನೆಂಬ ಬಿಗುಮಾನದಿಂದ ಮನೆಗೆ ಬಂದನು. ತಂದೆ ಉದ್ದಾಲಕನು ಆ ಗರ್ವವನ್ನು ಮುಖದ ಮೇಲೆಯೇ ಹೇಳಿದನು. ಈ ದೂರು ನ್ಯಾಯವಾದುದು. ಹಾಗೆಯೇ ಮಾನವಿಯ ಶ್ರೀನಿವಾಸಾಚಾರ್ಯರು ಪಾಂಡಿತ್ಯದ ಹಮ್ಮಿನಿಂದ ಹಿರಿಯರಾದ ಶ್ರೀ ವಿಜಯದಾಸರನ್ನು ತಿರಸ್ಕರಿಸಿ, ವ್ಯಾಧಿಯಿಂದ ನರಳಿ, ಪಶ್ಚಾತ್ತಾಪ ಪಟ್ಟು, ಶ್ರೀ ಗೋಪಾಲದಾಸರ ಅನುಗ್ರಹದಿಂದ ಜಗನ್ನಾಥದಾಸರಾದ ಐತಿಹ್ಯವು ನಮಗೆಲ್ಲ ತಿಳಿದಿದೆ. ಹರಿಕಥಾಮೃತಸಾರವು ಹುಟ್ಟಿದ್ದು ಆ ಹಮ್ಮು ಇಳಿದ ಮೇಲೆ.

ಇಂದಿನ ಕಿರಿಯರಲ್ಲಿ ನಾವು ಕಾಣುವ ದೋಷ ಅನುಷ್ಠಾನ ಕಡಿಮೆಯಾದುದಕ್ಕಿಂತಲೂ ದೊಡ್ಡದು. ಕೇಳದೆ ಬಿಡುವುದೇ ಆ ದೋಷ. ನಚಿಕೇತನು ಕೇಳಿದನು, ಬಾಲಕ ವಾಸುದೇವನು ಕೇಳಿದನು, ಶ್ರೀಕೃಷ್ಣನು ಕೇಳಿದನು. ಇಂದಿನ ಹುಡುಗನು ಕೇಳುವುದಿಲ್ಲ, ವಾದಿಸುವುದೂ ಇಲ್ಲ, ಮುಗುಳ್ನಕ್ಕು ಎದ್ದು ಹೋಗುತ್ತಾನೆ. ಆಚಮನವೇಕೆ, ಏಕಾದಶಿಯೇಕೆ, ಶ್ರಾದ್ಧವೇಕೆ ಎಂದು ಒಂದು ಸಲ ಗಟ್ಟಿಯಾಗಿ ಕೇಳಿ, ಉತ್ತರವನ್ನು ತೂಗಿ, ಆಮೇಲೆ ಬಿಟ್ಟರೆ ಅದು ವಿಚಾರ. ಕೇಳದೆಯೇ ಬಿಟ್ಟರೆ ಅದು ಕೇವಲ ಅಲಸ್ಯ. ಹೊತ್ತಿಲ್ಲವೆಂಬ ಮಾತಿಗೂ ಒಂದು ಮಿತಿಯುಂಟು. ದಿನಕ್ಕೆ ಒಂದು ಗಂಟೆ ಫೋನಿನ ಚಿತ್ರಗಳನ್ನು ನೋಡಲು ಹೊತ್ತಿರುವವನಿಗೆ ಹತ್ತು ಗಾಯತ್ರಿಗೆ ಹೊತ್ತಿಲ್ಲವೆಂದರೆ ಒಪ್ಪಲಾಗದು. ತಾಯಿಗೆ ಹಣ ಕಳಿಸಿದರೆ ಸಾಲದು, ಅವಳ ಮಾತು ಮುಗಿಯುವವರೆಗೆ ಕೇಳುವ ತಾಳ್ಮೆಯೂ ಬೇಕು.

ಹಾಗಾದರೆ ಸಿದ್ಧಾಂತವೇನು? ಉದ್ದಾಲಕನ ಕಥೆಯ ಉಳಿದ ಭಾಗದಲ್ಲಿ ಅದಿದೆ. ತಂದೆಯು ಗರ್ವಿಷ್ಠನೆಂದು ಹೇಳಿ ಜಗಲಿಗೆ ಹೋಗಿ ಕುಳಿತುಕೊಳ್ಳಲಿಲ್ಲ. ಮಗನಿಗೆ ತಿಳಿಯದ ಒಂದನ್ನು ಕೇಳಿದನು. ತಿಳಿಯದು, ನೀವೇ ಹೇಳಿರೆಂದು ಮಗನು ಬೇಡಿದನು. ಆಗ ಆಲದ ಹಣ್ಣನ್ನು ತರಿಸಿ ಒಡೆಸಿದನು, ನೀರಿಗೆ ಉಪ್ಪು ಹಾಕಿಸಿ ರುಚಿ ನೋಡಿಸಿದನು, ಒಂದಲ್ಲ, ಒಂಬತ್ತು ದೃಷ್ಟಾಂತಗಳಿಂದ ಜೀವನಿಗೂ ಈಶ್ವರನಿಗೂ ಇರುವ ಭೇದವನ್ನು ಮನಮುಟ್ಟಿಸಿದನೆಂದು ನಮ್ಮ ಆಚಾರ್ಯರು ನಿರ್ಣಯಿಸಿದ್ದಾರೆ. ಮಗನು ಪ್ರತಿಸಲವೂ ಇನ್ನೊಮ್ಮೆ ಹೇಳಿರೆಂದನು, ತಂದೆಯು ಪ್ರತಿಸಲವೂ ಆಗಲೆಂದನು. ದೂರು ಒಂದೇ ಮಾತು, ಪಾಠ ಒಂಬತ್ತು ಸಲ. ದೂರುವ ಅಧಿಕಾರವು ಪಾಠ ಹೇಳಿದವನಿಗೆ ಸಲ್ಲುತ್ತದೆ. ಪಾಠ ಹೇಳದವನ ದೂರು ಬಿತ್ತದವನು ಪೈರಿಲ್ಲವೆಂದು ಹೊಲವನ್ನು ಬೈದಂತೆ.

ಆದುದರಿಂದ ಹಿರಿಯರಲ್ಲಿ ಮೂರು ವಿನಂತಿಗಳು. ದೂರುವ ಮೊದಲು ಶ್ರೀ ಸುಧೀಂದ್ರರಂತೆ ಹೋಗಿ ನೋಡಿರಿ, ಮಗನ ಅಥವಾ ಮಗಳ ಒಂದು ದಿನ ಹೇಗೆ ಕಳೆಯುತ್ತದೆಂದು ಕೇಳಿ ತಿಳಿಯಿರಿ. ಅನುಷ್ಠಾನವಿಲ್ಲವೆನ್ನುವ ಮೊದಲು ಒಂದನ್ನಾದರೂ ಅರ್ಥಸಹಿತವಾಗಿ ಹೇಳಿಕೊಡಿರಿ, ತಿಳಿಯದಿದ್ದರೆ ಮಗನೊಡನೆ ಕುಳಿತು ನೀವೂ ಕಲಿಯಿರಿ. ಊರಿನಲ್ಲಿ ಉಳಿದ ವೈದಿಕ ಹುಡುಗನ ಜಾತಕ ಬಂದಾಗ, ಮಗಳ ಮನಸ್ಸನ್ನು ಕೇಳುವ ಮೊದಲೇ ನೀವಾಗಿ ಅದನ್ನು ಬದಿಗಿಡಬೇಡಿರಿ.

ಕಿರಿಯರಲ್ಲಿ ಎರಡು. ಬಿಡುವ ಮೊದಲು ಕೇಳಿರಿ. ಊರಿಗೆ ಬಂದ ದಿನ ಒಂದು ಗಂಟೆ ದೇವಸ್ಥಾನದ ಕೆಲಸಕ್ಕೆ ಕೈ ಕೊಡಿರಿ, ಬಡಿಸುವುದಾಗಲಿ, ಹೂ ಕಟ್ಟುವುದಾಗಲಿ, ಲೆಕ್ಕ ಬರೆಯುವುದಾಗಲಿ ಯಾವುದಾದರೂ ಸರಿ. ಕೆಲಸ ಮಾಡಿದ ಜಾಗ ತನ್ನದೆನಿಸುತ್ತದೆ, ನೋಡಿ ಹೋದ ಜಾಗ ಪರರದೇ ಆಗಿ ಉಳಿಯುತ್ತದೆ.

ಈ ಸಲದ ಆರಾಧನೆಯಲ್ಲಿ ಪ್ರವಚನದ ಬಳಿಕ ಅರ್ಧ ಗಂಟೆಯನ್ನು ಪ್ರಶ್ನೆಗಳಿಗಾಗಿಯೇ ಇಟ್ಟುಕೊಳ್ಳಬೇಕೆಂದೂ, ಮೊದಲ ಪ್ರಶ್ನೆಯನ್ನು ಸಭೆಯಲ್ಲಿ ಎಲ್ಲರಿಗಿಂತ ಕಿರಿಯರಾದವರು ಕೇಳಬೇಕೆಂದೂ ನಮ್ಮ ಆಸೆ. ಉತ್ತರ ಹೇಳಲು ಹಿರಿಯರು ಸಿದ್ಧರಾಗಿ ಬರಬೇಕು. ಗೊತ್ತಿಲ್ಲದುದನ್ನು ಗೊತ್ತಿಲ್ಲವೆನ್ನುವುದಕ್ಕೂ ಸಿದ್ಧರಾಗಿ ಬರಬೇಕು. ಶಿಷ್ಯನಿಗೆ ಶಾಲು ಹೊದಿಸಿದ ಆ ಗುರುಗಳ, ಆ ಶಾಲಿಗೆ ತಕ್ಕವರಾದ ಆ ಶಿಷ್ಯರ ಅನುಗ್ರಹವು ನಮ್ಮ ಎರಡು ತಲೆಮಾರುಗಳ ಮೇಲೂ ಇರಲೆಂದು ಪ್ರಾರ್ಥಿಸುತ್ತೇವೆ.

|| ಶ್ರೀಕೃಷ್ಣಾರ್ಪಣಮಸ್ತು ||